ಎಡಗೈ ಎತ್ತಿದವರು

ಕೈ ಎತ್ತುವುದೆಂದರೆ ನನಗೆ ಚಿಕ್ಕಂದಿನಿಂದಲೂ ಅಂಜಿಕೆ. ಉತ್ತರ ಗೊತ್ತಿದ್ದಾಗಲೂ ಎತ್ತಿದವಳಲ್ಲ. ಅಂಥವಳು ಮಕ್ಕಳ ಮುಂದೆ ನಿಂತು ‘ಕೈ ಎತ್ತಿ’ ಎನ್ನುವುದು ಯಾವ ನ್ಯಾಯ? ಆ ಬೆಳಿಗ್ಗೆ ದಿನಚರಿಯಲ್ಲಿ ಇಷ್ಟೇ ಬರೆದು ಶಾಲೆಗೆ ಹೊರಟೆ.

ಅಂದು ತಪಾಸಣೆ. ಇನ್‌ಸ್ಪೆಕ್ಟರು ನನ್ನ ಪಾಠ ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಮುಖ್ಯೋಪಾಧ್ಯಾಯಿನಿ ಅನಸೂಯಾಬಾಯಿಯವರು ಏಳನೆಯ ತರಗತಿಗೆ ಶಾಲೆಯ ಹಳೆಯ ಪದ್ಧತಿಯನ್ನು ಮತ್ತೆ ನೆನಪಿಸಿದರು. “ಪ್ರಶ್ನೆ ಕೇಳಿದ ತಕ್ಷಣ ಎಲ್ರೂ ಕೈ ಎತ್ತಬೇಕು. ಗೊತ್ತಿದ್ದೋರು ಬಲಗೈ, ಗೊತ್ತಿಲ್ದೋರು ಎಡಗೈ. ಮಿಸ್ಸು ಬಲಗೈಯವರನ್ನೇ ಕೇಳ್ತಾರೆ.” ಆಮೇಲೆ ನನ್ನತ್ತ ತಿರುಗಿ, “ನೀನು ಬಾಯಿ ಬಿಟ್ರೆ ಸಾಕಮ್ಮ, ಉಳಿದದ್ದು ಮಕ್ಕಳೇ ನೋಡ್ಕೋತಾರೆ” ಎಂದರು.

ಪಾಠ, ಮಜ್ಜಿಗೆ ಮಾರುವ ಮುದುಕಿಯೊಬ್ಬಳ ಕತೆ. ಸಂತೆ ಮುಗಿದಾಗ ಅವಳು ಕೊನೆಯ ಲೋಟವನ್ನು ಒಬ್ಬ ದಾರಿಹೋಕನಿಗೆ ಪುಕ್ಕಟೆ ಕೊಡುತ್ತಾಳೆ. ಇಬ್ಬರೂ ಕಾಡುದಾರಿ ಹಿಡಿದು ಊರಿಗೆ ಮರಳುತ್ತಾರೆ. ಮುದುಕಿಯ ಸ್ವಭಾವ, ದಯೆ. ಕತೆಯ ಕೇಂದ್ರ ಭಾವ, ದಾನದ ಹಿರಿಮೆ. ಗೈಡಿನಲ್ಲಿದ್ದ ಇಷ್ಟನ್ನು ನಾನೇ ಉರು ಹೊಡೆಸಿದ್ದೆ.

“ಮುದುಕಿ ಎಂಥವಳು?” ಎಂದೆ. ತರಗತಿಯ ತುಂಬ ಕೈಗಳೆದ್ದವು. ಬಲಗೈಯೊಂದನ್ನು ನಾನು ಆರಿಸುವ ಮೊದಲೇ ಹಿಂದಿನ ಬೆಂಚಿನಿಂದ ಇನ್‌ಸ್ಪೆಕ್ಟರು, “ತಡೀರಿ, ನಾನೇ ಕೇಳ್ತೀನಿ. ಕಿಟಕಿ ಹತ್ರ ಇರೋಳು, ನೀನು ಹೇಳಮ್ಮ” ಎಂದರು.

ನಿಂಗಾಜಮ್ಮ. ಅವಳೆತ್ತಿದ್ದು ಎಡಗೈ. ನನ್ನ ಬೆರಳಿನಲ್ಲಿ ಸೀಮೆಸುಣ್ಣ ಮುರಿಯಿತು.

“ಪುಕ್ಕಲಿ, ಸಾರ್.”

ತರಗತಿ ಕಿಸಕ್ಕೆಂದಿತು. “ಯಾರು, ನಿಮ್ಮ ಮಿಸ್ಸಾ?” ಎಂದರು ಇನ್‌ಸ್ಪೆಕ್ಟರು.

“ಅಜ್ಜಿ, ಸಾರ್. ಲೋಟ ಕೊಡೋಕ್ ಮುಂಚೆ ‘ನೀನೂ ನಮ್ಮೂರ ಕಡೇನೇ ತಾನೆ?’ ಅಂತ ಕೇಳ್ತಾಳಲ್ಲ. ಕಾಡಲ್ಲಿ ಒಬ್ಳೇ ಹೋಗಕ್ಕೆ ಭಯ ಅವ್ಳಿಗೆ. ಮೊದ್ಲೇ ಕೊಟ್ರೆ ಅವ್ನು ಕುಡ್ದು ಹೊಂಟೋಗ್ತಾನೆ ಅಂತ ಕೊನೇಗಂಟ ಇಟ್ಕೊಂಡಿರ್ತಾಳೆ.”

“ಹಾಗಾದ್ರೆ ಕೇಂದ್ರ ಭಾವ?”

ಅವಳು ಯೋಚಿಸಿದಳು. “ಕೆಲವ್ರಿಗೆ ‘ಜೊತೆಗ್ ಬಾ’ ಅಂತ ಬಾಯ್ಬಿಟ್ಟು ಕೇಳಕ್ಕಾಗಲ್ಲ, ಸಾರ್. ಅದೇ.”

ಇನ್‌ಸ್ಪೆಕ್ಟರು ಪಕ್ಕದ ಹುಡುಗಿಯ ಗೈಡನ್ನು ತಿರುವಿ ನನ್ನತ್ತ ನೋಡಿದರು. “ಇದರಲ್ಲಿ ಹಾಗಿಲ್ವಲ್ಲ. ಇವಳು ಹೇಳಿದ್ದು ಸರಿಯೋ ತಪ್ಪೋ? ಒಂದು ಮಾತಲ್ಲಿ ಹೇಳಿ, ಬರ್ಕೋತೀನಿ.”

ಬಾಗಿಲಲ್ಲಿ ಅನಸೂಯಾಬಾಯಿಯವರು ‘ತಪ್ಪು ಅನ್ನು’ ಎಂದು ಕಣ್ಣಿನಲ್ಲೇ ಗದರಿಸುತ್ತಿದ್ದರು. ಹಾಗೆ ಅಂದಿದ್ದರೆ ಮುಗಿಯುತ್ತಿತ್ತು; ಕೆಲಸ ಉಳಿಯುತ್ತಿತ್ತು. ನಿಂಗಾಜಮ್ಮ ಕೂತಿರಲಿಲ್ಲ. ಕೈ ಇಳಿಸುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದಳು.

ನನ್ನ ಕೈ ಮೇಲೆದ್ದಿತು. ಸುಣ್ಣ ಮೆತ್ತಿದ ಬಲಗೈಯಲ್ಲ, ಎಡಗೈ. ಇನ್‌ಸ್ಪೆಕ್ಟರಿಗೆ ಅದೇನೆಂದು ತಿಳಿಯಲಿಲ್ಲ. ಮಕ್ಕಳಿಗೆ ತಿಳಿಯಿತು.

“ಅವಳು ಹೇಳಿದ್ದೇ ಸರಿ, ಸಾರ್” ಎಂದೆ. “ಗೊತ್ತಿಲ್ದೇ ಇದ್ದದ್ದು ನನಗೆ.”