ನೆಂಟರಿಲ್ಲದ ಕ್ರಿಯಾಪದ

"ಆಗಲ್ಲ ಸರ್," ಎಂದುಬಿಟ್ಟ ಹೆಡ್ಲಿ ಟ್ರಾಸ್ಕ್. ತನ್ನ ದನಿ ಕೇಳಿ ತಾನೇ ಬೆರಗಾದ. ಆ ನಿಘಂಟಿನ ಕಚೇರಿಯಲ್ಲಿ ಪ್ರಧಾನ ಸಂಪಾದಕ ಕ್ರಾಬ್‌ಟ್ರೀಯವರ ಮುಖಕ್ಕೆ ಯಾರೂ ಹಾಗೆ ಹೇಳಿದ್ದಿಲ್ಲ.

ಕ್ರಾಬ್‌ಟ್ರೀ ಬಾಯಿಂದ ಪೈಪು ತೆಗೆದರು. "ಒಂದು 'ಬಹುಶಃ' ಸೇರಿಸೋಕೆ ಏನ್ರೀ ನೋವು? ಇಷ್ಟು ದೊಡ್ಡ ಕ್ರಿಯಾಪದ. ಎಲ್ಲಿ ಹುಟ್ಟಿತೋ ಗೊತ್ತಿಲ್ಲ ಅಂದ್ರೆ ಓದೋರು ನಗಲ್ವಾ?"

"ಗೊತ್ತಿಲ್ಲವಲ್ಲ."

"ಜರ್ಮನ್‌ನಲ್ಲಿ?"

"ಇಲ್ಲ."

"ಡಚ್?"

"ಅವರೂ ನಮ್ಮದಲ್ಲ ಅಂದ್ರು."

ಕ್ರಾಬ್‌ಟ್ರೀ ಅವನನ್ನು ದಿಟ್ಟಿಸಿ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ಸರಿ ಮಾರಾಯ್ರೇ, 'ಮೂಲ ತಿಳಿಯದು' ಅಂತಲೇ ಇರಲಿ. ಗೆದ್ದಿರಿ. ಕೇಕ್ ತಂದಿದೀರಾ, ಇಲ್ಲಾ ಅದೂ ತಿಳಿಯದಾ?"

ಪದ ಇಂಗ್ಲಿಷಿನ 'ಕೀಪ್'. ಸಾವಿರ ವರ್ಷದ ಹಿಂದೆ ಇದ್ದಕ್ಕಿದ್ದಂತೆ ಸನ್ಯಾಸಿಗಳ ಬರಹದಲ್ಲಿ ಕಾಣಿಸಿಕೊಂಡಿತ್ತು. ಅದಕ್ಕೆ ಮುಂಚೆ ಹೆಜ್ಜೆಗುರುತಿಲ್ಲ, ಅಕ್ಕಪಕ್ಕದ ಭಾಷೆಗಳಲ್ಲಿ ದಾಯಾದಿಗಳಿಲ್ಲ. ಬಂದ ಹೊಸದರಲ್ಲಿ ಅದರ ಅರ್ಥ ಹೊಂಚುವುದು, ಕಣ್ಣಿಟ್ಟು ಕಾಯುವುದು. ಬರಬರುತ್ತಾ ಸಿಕ್ಕಿದ್ದನ್ನು ಬಿಡದಿರುವುದಾಯಿತು. ಈಗ ಕೋಳಿ ಸಾಕುವುದಕ್ಕೂ ಅದೇ, ಅಂಗಡಿ ನಡೆಸುವುದಕ್ಕೂ ಅದೇ, ಕೋಟೆ ಕಾಯುವುದಕ್ಕೂ ಅದೇ. ಗುಟ್ಟು ಕಾಪಾಡಲು, ಕೊಟ್ಟ ಮಾತು ಉಳಿಸಿಕೊಳ್ಳಲು, ಕಡೆಗೆ ಹಾಲು ಕೆಡದೆ ಉಳಿಯಲಿಕ್ಕೂ ಅದೇ. ಊರಿನ ಎಲ್ಲರ ಮನೆಯಲ್ಲೂ ಕೆಲಸ ಮಾಡುವ, ಯಾರ ನೆಂಟನೂ ಅಲ್ಲದ ಪದ.

ನಾಲ್ಕು ವರ್ಷ ಹೆಡ್ಲಿ ಅದರ ಜೊತೆ ಸಂಸಾರ ಮಾಡಿದ್ದ. ಇವತ್ತು ಮುಗಿದಿತ್ತು. ಬೆಳಗ್ಗೆ ಶೂ ಕಟ್ಟುವಾಗಲೇ ಬಾಯಿಂದ ಶಿಳ್ಳೆ ಹೊರಟಿತ್ತು. ಬಾಡಿಗೆ ಕೋಣೆಯ ಒಡತಿ ಮಿಸೆಸ್ ಪಾಡ್‌ಬರಿ, "ಮೈ ಹುಷಾರಿಲ್ವಾ ಮಿಸ್ಟರ್ ಟ್ರಾಸ್ಕ್?" ಎಂದು ಬಾಗಿಲು ತಟ್ಟಿದ್ದಳು.

ಹುಷಾರಾಗಿಯೇ ಇದ್ದ. ಒಂದೇ ಅಳುಕು. ಇಷ್ಟೊಂದು ಸಂತೋಷವನ್ನು ಆ ಕೋಣೆಗೆ ಒಬ್ಬನೇ ಒಯ್ಯಬಾರದು. ಸಂಜೆ ಎನಿಡ್ ಫಾಲೊಫೀಲ್ಡ್‌ಳನ್ನು ನದಿಯ ದಂಡೆಗೆ ಕರೆಯಬೇಕು. ಎದುರು ಮೇಜಿನವಳು. ವಾಕ್ಯವನ್ನು ತಿದ್ದಿ ತಿದ್ದಿ ಸಿದ್ಧಮಾಡಿಕೊಂಡಿದ್ದ.

ಕಚೇರಿಯ ಪದ್ಧತಿ ಹೀಗೆ: ದೊಡ್ಡ ಕ್ರಿಯಾಪದ ಮುಗಿಸಿದವನೇ ಕೇಕ್ ತರಬೇಕು, ತಾನೇ ಕತ್ತರಿಸಿ ಹಂಚಬೇಕು, ಕೊನೆಯ ಚೂರನ್ನು ಮುಂದಿನ ಕ್ರಿಯಾಪದ ವಹಿಸಿಕೊಳ್ಳುವವರ ಕೈಗೆ ಕೊಡಬೇಕು. ಮುಂದಿನದು 'ಕಿಕ್'. ಅದು ಎನಿಡ್‌ಗೆ ಬಿದ್ದಿತ್ತು.

ಜೂನ್ ಬಿಸಿಲು. ತೆರೆದ ಕಿಟಕಿಯಿಂದ ಕತ್ತರಿಸಿದ ಹುಲ್ಲಿನ ವಾಸನೆ. ಕೇಕಿನ ಸ್ಟ್ರಾಬೆರಿ ಜಾಮಿನ ಆಸೆಗೆ ಕಣಜದ ಹುಳುವೊಂದು ಒಳಗೆ ಬಂದು ಎಲ್ಲರ ಮೂಗಿನ ಮೇಲೂ ಸುತ್ತಿತು. ಕರಡು ತಿದ್ದುವ ಮುದುಕ ಟಿಲ್‌ಸ್ಟನ್ ಅದನ್ನು ಅಚ್ಚಿನ ಹಾಳೆಯಿಂದ ಓಡಿಸುತ್ತಾ, "ಮೂಲ ತಿಳಿಯದು, ರುಚಿ ಮಾತ್ರ ತಿಳೀತು!" ಎಂದ. ಬೆರಳಚ್ಚಿನ ಹುಡುಗಿಯರು ಕಿರುಚಿ ನಕ್ಕರು. ಹೆಡ್ಲಿಯೂ ನಕ್ಕ. ತನ್ನ ನಗು ಎಲ್ಲರ ನಗುವಿನ ನಡುವೆ ಚೆನ್ನಾಗಿಯೇ ಹೊಂದಿಕೊಂಡಿದೆ ಎಂದು ಗಮನಿಸಿದ.

"ನಿಮಗೆ ಕಾಪಾಡೋದು, ನನಗೆ ಒದೆಯೋದು," ಎಂದಳು ಎನಿಡ್, ಚೂರು ತೆಗೆದುಕೊಳ್ಳುತ್ತಾ. "ಇದ್ಯಾವ ನ್ಯಾಯ ಹೇಳಿ."

"ನಿಮ್ಮ ಪದಕ್ಕೂ ಮೂಲ ಗೊತ್ತಿಲ್ಲ."

"ಸದ್ಯ! ಅಷ್ಟು ಕೆಲಸ ಕಮ್ಮಿ."

ಸಂಜೆ ಗೇಟಿನ ಹತ್ತಿರ ಅವಳು ಸೈಕಲ್ ಹಿಡಿದು ನಿಂತಿದ್ದಳು. ಬುಟ್ಟಿಯ ಪಟ್ಟಿಯನ್ನು ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದಳು.

"ಇವತ್ತು ತುಂಬಾ ಚೆನ್ನಾಗಿದ್ರಿ," ಎಂದಳು. "ನಾಲ್ಕು ವರ್ಷ ಎದುರುಬದುರು ಕೂತಿದೀವಿ. ನೀವು ಯಾವ ಊರಿನೋರು ಅಂತ ನಾನು ಕೇಳೇ ಇಲ್ಲ ನೋಡಿ. ಎಲ್ಲಿಯೋರು?"

ಪ್ರಶ್ನೆ ಸರಿಯಾಗಿಯೇ ಕೇಳಿಸಿತು. ಬಾಯಿ ತೆರೆದ.

"ಮೊದಲು ಹೊಂಚುವುದು ಅಂತ ಇತ್ತಲ್ಲ, ಅದು ಹೇಗೆ ಇಟ್ಟುಕೊಳ್ಳುವುದು ಆಯ್ತು ಅನ್ನೋದೇ ಸ್ವಾರಸ್ಯ. ನೋಡ್ತಾ ನೋಡ್ತಾ ಇದ್ದವನು ಒಂದು ದಿನ ಹಿಡಿದುಬಿಡ್ತಾನೆ..."

ಹೇಳುತ್ತಾ ಹೋದ. ಕೋಳಿ, ಕೋಟೆ, ಸನ್ಯಾಸಿಗಳು, ಹಾಲು. ಅವನ ಕೈಗಳು ಗಾಳಿಯಲ್ಲಿ ಆಡಿದವು. ಅವಳು ಮನಸಾರೆ ನಕ್ಕಳು, ಎರಡು ಸಲ. ಆಮೇಲೆ ಬುಟ್ಟಿಯ ಪಟ್ಟಿ ಬಿಗಿದಳು.

"ಅಯ್ಯೋ, ನನ್ನ ಚೂರು ಮೇಜಿನ ಮೇಲೇ ಉಳೀತು. ತೆಗೆದಿಡ್ತೀರಾ? ನಾಳೆ ತಿಂತೀನಿ."

"ಖಂಡಿತ."

ಸೈಕಲ್ ಗಂಟೆ ಬಾರಿಸುತ್ತಾ ಇಳಿಜಾರಿನಲ್ಲಿ ಹೋದಳು. ಹೆಡ್ಲಿಗೆ ಹಾರಬೇಕೆನಿಸಿತು. ಎರಡು ಸಲ ನಕ್ಕಳು! ಒಳಗೆ ಹೋಗಿ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಶಿಳ್ಳೆ ಹಾಕುತ್ತಾ ಹೊರಟ. ಸೇತುವೆಯ ಮೇಲೆ ಶಿಳ್ಳೆ ನಿಂತಿತು. ಕೆಳಗೆ ದೋಣಿಗಳಲ್ಲಿ ಜನ ಹಾಡುತ್ತಿದ್ದರು. ಅವಳು ಕೇಳಿದ್ದು ಪದದ ಊರನ್ನಲ್ಲ. ನದಿಯ ದಂಡೆಗೆ ಕರೆಯುವ ವಾಕ್ಯವೂ ಹೇಳದೇ ಉಳಿದಿತ್ತು.

ತನ್ನ ಊರಿನ ಹೆಸರನ್ನು ಮೆಲ್ಲಗೆ ಹೇಳಿಕೊಂಡ. ಅದಕ್ಕೂ ತನಗೂ ಏನೂ ಸಂಬಂಧವಿಲ್ಲದಂತೆ ಕೇಳಿಸಿತು. ಅಷ್ಟಾದರೂ ಸಂತೋಷ ಹೋಗಲಿಲ್ಲ. ಅದೇ ವಿಚಿತ್ರ.

ಕೋಣೆಯಲ್ಲಿ ಚೂರನ್ನು ತಟ್ಟೆಗೆ ಹಾಕಿ, ಮಿಸೆಸ್ ಪಾಡ್‌ಬರಿಯ ಗಾಜಿನ ಬೋಗುಣಿಯನ್ನು ಮೇಲೆ ಬೋರಲು ಹಾಕಿ ಕಿಟಕಿಯ ಹತ್ತಿರ ಇಟ್ಟ.

"ಯಾರಿಗಪ್ಪ ಅದು?" ಎಂದಳು ಅವಳು ಬಾಗಿಲಿನಿಂದ.

"ನಾಳೆಗೆ."

"ಒಣಗಿ ಹೋಗುತ್ತೆ ಕಣ್ರೀ. ಈಗಲೇ ತಿನ್ನಿ."

ಅವಳು ಹೋದ ಮೇಲೆ ಗುಂಯ್ ಎಂಬ ಸದ್ದು ಕೇಳಿಸಿತು. ಕಾಗದದ ಮಡಿಕೆಯಲ್ಲಿ ಜೊತೆಗೇ ಬಂದಿತ್ತೋ, ಮುಚ್ಚುವಾಗ ನುಗ್ಗಿತ್ತೋ, ಬೋಗುಣಿಯೊಳಗೆ ಕಣಜ. ಇಡೀ ಚೂರು ಅದಕ್ಕೇ. ಜಾಮ್ ಮೆತ್ತಿದ ಕಾಲುಗಳಲ್ಲಿ ಗಾಜು ಹತ್ತುತ್ತಿತ್ತು, ಜಾರುತ್ತಿತ್ತು, ಮತ್ತೆ ಸಿಹಿಗೆ ಮರಳುತ್ತಿತ್ತು. ಇಳಿಬಿಸಿಲಲ್ಲಿ ಅದರ ರೆಕ್ಕೆ ಚಿನ್ನದಂತೆ ಹೊಳೆಯಿತು.

ಎತ್ತಲೆಂದು ಹೆಡ್ಲಿ ಬೋಗುಣಿಯ ಮೇಲೆ ಕೈಯಿಟ್ಟ. ಗಾಜು ಬೆಚ್ಚಗಿತ್ತು. ಅಂಗೈಗೆ ಅದರ ಗುನುಗು ತಾಗಿತು. ಕೈ ಅಲ್ಲೇ ಉಳಿಯಿತು. ತನಗೆ ಗೊತ್ತಿಲ್ಲದಂತೆಯೇ ಅವನೂ ಅದೇ ಶ್ರುತಿಯಲ್ಲಿ ಗುನುಗತೊಡಗಿದ.