ಒಳಗೆ ತಿರುಗಿದ ತಾರೀಖು

ಷಡ್ಡಕ ಮರುಮಾತಿಲ್ಲದೆ ಒಪ್ಪಿಕೊಂಡಾಗಲೇ ಜೀಪಿನವನ ಮನಸ್ಸಿನಲ್ಲಿ ಹುಳ ಹೊಕ್ಕಿತು. ಟೈರ್ ಅಂಗಡಿಯ ಈ ಷಡ್ಡಕ ಅವನ ಹೆಂಡತಿಯ ತಂಗಿಯ ಗಂಡ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಅಂದರೂ "ಹಾಗೇನಿಲ್ಲ ಭಾವ" ಎಂದು ಶುರು ಮಾಡುವ ಆಸಾಮಿ.

ಸ್ವಲ್ಪ ಹೊತ್ತಿಗೆ ಮುಂಚೆ ಅವನ ಬಾಯಿ ಜೋರಾಗಿಯೇ ಇತ್ತು.

"ಅಗಲದ ಟೈರ್ ಹಾಕಿಸ್ಕೊಳ್ಳಿ ಭಾವ. ಗಾಡಿ ಮದುಮಗನ ಹಾಗೆ ಕಾಣುತ್ತೆ."

"ನನ್ನ ಗಾಡಿಗೆ ಮದುವೆ ವಯಸ್ಸು ದಾಟಿದೆ. ಹಳೇದರ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕು. 235, 75, ಆರ್ 15."

"ಮೊದಲನೇ ನಂಬರ್ ದೊಡ್ಡದಿದ್ರೆ ಸಾಕಲ್ವಾ? ಎಪ್ಪತ್ತೈದೋ ಅರವತ್ತೋ, ಯಾರು ನೋಡ್ತಾರೆ?"

"ಕಲ್ಲು ನೋಡುತ್ತೆ. ಮೊದಲನೇದು ಅಗಲ. ಎಪ್ಪತ್ತೈದು ಅಂದ್ರೆ ಆ ಅಗಲದ ಮುಕ್ಕಾಲು ಭಾಗ ಪಕ್ಕದ ಗೋಡೆಯ ಎತ್ತರ. ಗೋಡೆ ಗಿಡ್ಡ ಆದ್ರೆ ಕಲ್ಲಿನ ಪೆಟ್ಟು ನೇರ ರಿಮ್ಮಿಗೆ. ಅಗಲ ಜಾಸ್ತಿ ಆದ್ರೆ ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುತ್ತೆ. ಇನ್ನು ಹದಿನೈದು ಇಂಚಿನ ರಿಮ್ಮಿಗೆ ಹದಿನೈದರ ಟೈರೇ ಕೂರೋದು. ಅಲ್ಲಿ ನಿನ್ನ ಬಾಯೂ ನಡೆಯಲ್ಲ."

ಮರುದಿನ ಗುಡ್ಡದ ಮೇಲಿಂದ ಮಗಳನ್ನು ಇಳಿಸಿ ತರಬೇಕಿತ್ತು. ಅಳಿಯ ಅಲ್ಲಿ ಟವರ್ ಕಾಯುವ ಕೆಲಸದಲ್ಲಿದ್ದ. ಮಗಳು ತುಂಬು ಬಸುರಿ. ದಾರಿಯುದ್ದಕ್ಕೂ ಚೂಪು ಕಲ್ಲು. ಒಂದು ಪಕ್ಕಕ್ಕೆ ಬಂಡೆ, ಇನ್ನೊಂದು ಪಕ್ಕಕ್ಕೆ ಏನೂ ಇಲ್ಲ. ಆ ಇಳಿಜಾರಿನಲ್ಲಿ ಟೈರ್ ಸಿಡಿದರೆ ಏನಾಗುತ್ತದೆಂದು ಯೋಚಿಸಲೂ ಅವನು ಸಿದ್ಧನಿರಲಿಲ್ಲ.

"ಆಯ್ತು ಭಾವ, ನೀವು ಹೇಳಿದ ಹಾಗೇ ಆಗಲಿ. ಟೀ ಕುಡಿದು ಬನ್ನಿ," ಅಂದಿದ್ದ ಷಡ್ಡಕ. ಅಷ್ಟು ಸುಲಭವಾಗಿ.

ಟೀ ಕುಡಿದು ಬರುವಷ್ಟರಲ್ಲಿ ನಾಲ್ಕೂ ಟೈರ್ ಕೂತಿದ್ದವು. ನಟ್ಟು ಬಿಗಿಸಿ, ಎಣ್ಣೆ ಒರೆಸಿ, ಕನ್ನಡಿಯಂತೆ ಹೊಳೆಯಿಸಿದ್ದ. ದುಡ್ಡು ಕೊಟ್ಟ ಗಿರಾಕಿಯ ಗಾಡಿಯನ್ನೂ ಅವನು ಒರೆಸಿದ್ದನ್ನು ಯಾರೂ ಕಂಡಿರಲಿಲ್ಲ.

ಜೀಪಿನವನು ಒಂದೊಂದಾಗಿ ಓದಿದ. ಸೈಜ್ ಸರಿ, ಕಂಪನಿ ಸರಿ. ಆದರೆ ಟೈರ್ ಯಾವ ವಾರ, ಯಾವ ವರ್ಷ ತಯಾರಾಯಿತು ಎಂದು ಹೇಳುವ ಕೊನೆಯ ನಾಲ್ಕು ಅಂಕಿ ಕಾಣಲಿಲ್ಲ. ಈ ಕಂಪನಿಯವರು ಅದನ್ನು ಒಂದೇ ಮಗ್ಗುಲಲ್ಲಿ ಒತ್ತುತ್ತಾರೆ. ಒಂದು ಟೈರ್ ಅಕಸ್ಮಾತ್ತಾಗಿ ಒಳಮುಖವಾಗಿ ಕೂತಿದ್ದರೆ ಸರಿ. ನಾಲ್ಕೂ ಮಾತಾಡಿಕೊಂಡ ಹಾಗೆ ಮುಖ ತಿರುಗಿಸಿದರೆ?

"ಯಾಕೆ ಭಾವ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂದ ಷಡ್ಡಕ.

ಕೇಳದೇ ಇದ್ದ ಪ್ರಶ್ನೆಗೆ ಉತ್ತರ! ಮನಸ್ಸಿನ ಹುಳ ಈಗ ತಲೆಯೆತ್ತಿತು. ಕೂಗಾಡಿದರೆ ಸಂಜೆಯೊಳಗೆ ಅಕ್ಕತಂಗಿಯರಿಬ್ಬರೂ ಮುಖ ಊದಿಸಿಕೊಂಡು ಕೂರುತ್ತಾರೆ. ಅನುಮಾನ ಸುಳ್ಳಾದರಂತೂ ಜನ್ಮಪೂರ್ತಿ ತಾನೇ ಹಾಸ್ಯದ ವಸ್ತು. ಜೀಪಿನವನು ನಕ್ಕು, ಬೆನ್ನು ತಟ್ಟಿದ.

"ನಂಬಿಕೆ ಇಲ್ಲದೆ ಬರ್ತೀನೇನೋ? ಒಂದು ಸಣ್ಣ ಕೆಲಸ. ಸ್ಟೆಪ್ನಿ ಹೋದ ವರ್ಷ ತಂದಿದ್ದು, ಇದೇ ಕಂಪನಿ, ಇದೇ ಸೈಜು. ಪಾಪ, ಹಿಂದೆ ನೇತಾಡ್ತಾ ಇದೆಯೇ ಹೊರತು ಇನ್ನೂ ನೆಲ ಕಂಡಿಲ್ಲ. ಅದೂ ಸ್ವಲ್ಪ ಓಡಲಿ. ಈ ನಾಲ್ಕರಲ್ಲಿ ಒಂದನ್ನ ಬಿಚ್ಚಿ ಸ್ಟೆಪ್ನಿ ಮಾಡು. ಯಾವುದಾದ್ರೂ ಸರಿ, ನಾಲ್ಕೂ ಒಂದೇ ಅಲ್ವಾ?"

"ಒಂದೇ ಭಾವ, ಒಂದೇ!"

ಷಡ್ಡಕನ ಮುಖದಲ್ಲಿ ಎಷ್ಟೋ ಹೊತ್ತಿನ ನಂತರ ಉಸಿರಾಡಿದವನ ಕಳೆ ಬಂತು. ಜಾಕು ಕೈಯಲ್ಲಿತ್ತು, ಬಲಗಡೆಯ ಎರಡು ಚಕ್ರ ಕಾಲಬುಡದಲ್ಲೇ ಇದ್ದವು. ಅವನು ಅವೆರಡನ್ನೂ ದಾಟಿ, ಜೀಪನ್ನು ಸುತ್ತು ಹಾಕಿ, ಹಿಂದಿನ ಎಡಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇದನ್ನೇ ಮಾಡೋಣ ಭಾವ."

"ಅದನ್ನೇ ಮಾಡು," ಅಂದ ಜೀಪಿನವನು. ಅವನ ನಗು ಅಲ್ಲಿಗೆ ನಿಂತಿತ್ತು.

ಚಕ್ರ ಕೆಳಗಿಳಿದದ್ದೇ ತಡ, ಜೀಪಿನವನು ಅದನ್ನು ಉರುಳಿಸಿಕೊಂಡು ಬಾಗಿಲ ಬೆಳಕಿಗೆ ತಂದು ಒಳಮಗ್ಗುಲು ನೋಡಿದ. ಆರು ವರ್ಷದ ಹಿಂದಿನ ಅಂಕಿ. ಹೆಬ್ಬೆರಳಿನಿಂದ ಒತ್ತಿದಾಗ ರಬ್ಬರಿನ ಮೇಲೆ ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆದವು.

ಷಡ್ಡಕ ಜಾಕಿನ ಹಿಡಿಯನ್ನು ಒರೆಸತೊಡಗಿದ. "ಹೊಸದು ಮೂರೇ ಇತ್ತು. ಇಲ್ಲ ಅಂದ್ರೆ ಆಚೆ ಅಂಗಡಿಗೆ ಹೋಗ್ತೀರಿ ಅಂತ... ಅದು ಒಂದು ದಿನಾನೂ ಓಡಿಲ್ಲ ಭಾವ, ಗೋಡೌನಲ್ಲಿ ಇಟ್ಟಿದ್ದು."

"ನಾಳೆ ಅದರ ಮೇಲೆ ಕೂರಬೇಕಿದ್ದವಳು ನನ್ನ ಮಗಳು. ಹುಟ್ಟಿದಾಗಿಂದ ನಿನ್ನನ್ನ ಚಿಕ್ಕಪ್ಪ ಅಂದವಳು."

ಷಡ್ಡಕ ಆ ಚಕ್ರವನ್ನು ಗೋಡೆಯ ಕಡೆಗೆ ಉರುಳಿಸಿದ.

"ಒಂದು ಸುಳ್ಳು ಮುಚ್ಚೋಕೆ ಮೂರು ನಿಜಾನೂ ತಿರುಗಿಸಿ ಹಾಕಿದ್ಯಲ್ಲೋ ದಡ್ಡ! ಇದೊಂದನ್ನೇ ತಿರುಗಿಸಿದ್ರೆ ನಾನು ಸುಮ್ಮನೆ ಹೋಗ್ತಿದ್ದೆ."

"ಉಳಿದ ಮೂರು ನಿಜವಾಗ್ಲೂ ಹೊಸದು. ಮಕ್ಕಳಾಣೆ."

"ಆಣೆ ಬೇಡ. ಬಿಚ್ಚು."

ಮೂರೂ ಟೈರ್ ಬಿಚ್ಚುವ ಮಿಷನ್ ಹತ್ತಿದವು. ಅವು ನಿಜಕ್ಕೂ ಈ ವರ್ಷದವೇ. ಅಂಕಿ ಹೊರಗೆ ಕಾಣುವಂತೆ ಮತ್ತೆ ಕೂತವು. ನಾಲ್ಕನೆಯ ಜಾಗಕ್ಕೆ ಹೋದ ವರ್ಷದ ಸ್ಟೆಪ್ನಿ ಬಂತು. ಹೊಸ ಸ್ಟೆಪ್ನಿಗೆ ಷಡ್ಡಕ ಯಾರೂ ಹೇಳದೆಯೇ ಅಂಗಡಿ ಮುಂದೆ ನಿಂತಿದ್ದ ತನ್ನ ಸ್ವಂತ ಜೀಪಿನ ಸ್ಟೆಪ್ನಿಯನ್ನು ಬಿಚ್ಚಿಕೊಟ್ಟ. ಜೀಪಿನವನು ಅದರ ಎರಡೂ ಮಗ್ಗುಲು ಓದಿದ ಮೇಲೆಯೇ ತಗಲಿಹಾಕಿದ.

ಕೊನೆಗೆ ಬಿರುಕುಬಿಟ್ಟ ಟೈರ್ ಮಾತ್ರ ನೆಲದ ಮೇಲೆ ಉಳಿಯಿತು.

"ಇದನ್ನ ಇನ್ನೊಬ್ಬ ಗಿರಾಕಿಗೆ ಕಟ್ಟಲ್ಲ ಭಾವ," ಅಂದ ಷಡ್ಡಕ, ತಲೆ ಎತ್ತದೆ. "ಮಗು ಬರ್ತಾ ಇದೆ. ನಿಮ್ಮ ಅಂಗಳದ ಮರಕ್ಕೆ ನಾನೇ ಬಂದು ಇದರಲ್ಲೇ ಉಯ್ಯಾಲೆ ಕಟ್ಟಿಕೊಡ್ತೀನಿ."

ಜೀಪಿನವನು ಗಾಡಿ ಹತ್ತಿ ಕೂತ.

"ಬಾ, ಕಟ್ಟು," ಅಂದ. "ಆದ್ರೆ ಹಗ್ಗ ನಾನು ತರ್ತೀನಿ."