ಕಾಗೆ ಸುದ್ದಿ

ಎಣ್ಣೆಯಲ್ಲಿ ಬೋಂಡ ತಾನಾಗಿಯೇ ಮಗುಚಿಕೊಳ್ಳುತ್ತದೆ, ಒಂದು ಮಗ್ಗುಲು ಬೆಂದರೆ ಹಗುರಾಗಿ ಹಾಗೇ ಹೊರಳುತ್ತದೆ, ನಾನು ಜಾಲರಿ ಹಿಡಿದು ಸುಮ್ಮನೆ ನಿಂತಿದ್ದೇನೆ, ಬಸ್ಸು ಹೊರಟುಹೋಗಿದೆ, ಅದು ಎಬ್ಬಿಸಿದ ಧೂಳು ಎದುರಿನ ಬೇಕರಿಯ ಗಾಜಿನ ಮೇಲೆ ಕೂರುತ್ತಿದೆ, ಮೋಹನ್ ಬಟ್ಟೆ ತಂದು ಒರೆಸುತ್ತಿದ್ದಾನೆ, ಒರೆಸು, ತಾಳವಾಡಿಯ ಧೂಳು ನಿನ್ನ ಗಾಜಿಗೆ ಹೆದರುತ್ತದೇನು — ಕಂಡಕ್ಟರ್ ನಟರಾಜು ಕೆಳಗೆ ಇಳಿಯಲೂ ಇಲ್ಲ, ಬಾಗಿಲಲ್ಲಿ ಜೋತುಬಿದ್ದುಕೊಂಡೇ ಕೂಗಿದ, ಮಲ್ಲಪ್ಪಣ್ಣ, ಗುಮಟಾಪುರದ ಅಕ್ಕ ಓಗ್ಬುಟ್ರಂತೆ, ಬೆಳಗ್ಗೆನೇಯ, ತವರಿನ ಸೀರೆ ತಕ್ಕೊಂಡು ಬರಾಕೆ ಏಳು ಅಂದ್ರು. ಬೇಕರಿ ಮುಂದೆ ಟಿ.ವಿ. ನೋಡುತ್ತ ನಿಂತವರಲ್ಲಿ ಒಬ್ಬ ತಿರುಗಿ ಅಂದ, ಇನ್ನೊಂದ್ ಕಾಗೆ ಬಂದಂಗದೆ ಕಣ್ಲಾ, ಎಲ್ಲರೂ ನಕ್ಕರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಯಾರನ್ನು ಬೈದೆ, ನಕ್ಕವನನ್ನೋ, ನಟರಾಜುವನ್ನೋ, ಅಕ್ಕನನ್ನೋ. ಒಂದು ಸಲ ಮಂಗ ಮಾಡಿದ್ದು ಸಾಲದೇ ನಿನಗೆ, ಪುಟ್ಟಮಲ್ಲಮ್ಮ, ಬೆಂಕಿ ಆರಿಸುವುದಿಲ್ಲ ನಾನು, ಈ ಸಲ ಆರಿಸುವುದಿಲ್ಲ, ಬೋಂಡ ಕಪ್ಪಾಗುತ್ತಿದೆ, ತೆಗೆಯಬೇಕು, ಹೆಬ್ಬೆರಳು ಒತ್ತುತ್ತದೆ, ಅವರೆಕಾಳು ಚಂಗನೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ಇದು ಯಾಕೆ ಈಗ ಕಣ್ಣಿಗೆ ಬಂತು.

ಬೋರ್ಡು ಬಾಗಿಲ ಪಕ್ಕ ಹಾಗೇ ಇದೆ, ಅಪ್ಪ ನೇತುಹಾಕಿದ ಕರಿಹಲಗೆ, ನಡುವೆ ಅವನೇ ಬಳಿದ ಬಿಳಿ ಗೆರೆ, ಗೆರೆಯ ಮೇಲೆ ತಿನ್ನುವುದು, ಗೆರೆಯ ಕೆಳಗೆ ಸುದ್ದಿ. ಮೇಲೆ ಇಡ್ಲಿ, ಬೋಂಡ, ರಾಗಿ ಮುದ್ದೆ. ಕೆಳಗೆ ದಿಂಬಂ ತಿರುವಿನಲ್ಲಿ ಲಾರಿ ಅಡ್ಡ ಬಿದ್ದಿದೆ ಸತ್ಯಮಂಗಲದ ಬಸ್ಸು ತಡ, ಹಾಸನೂರು ರಸ್ತೆಯಲ್ಲಿ ಆನೆ ನಿಂತಿದೆ, ಇಂಥ ಊರಿನ ಇಂಥವರು ತೀರಿಕೊಂಡರು, ಮಣ್ಣು ಮಧ್ಯಾಹ್ನ. ಜನ ಕೆಳಗಿನದನ್ನು ಓದಲು ಬಂದು ಮೇಲಿನದನ್ನು ತಿಂದು ಹೋಗುತ್ತಿದ್ದರು, ಓದು ಬಾರದವರು ಅದ್ಯಾರ್ದ್ ಏಳಪ್ಪೋ ಅಂತ ಕೇಳಿ ಟೀ ಗ್ಲಾಸು ಕೆಳಗಿಟ್ಟು ಎದ್ದು ಹೋಗುತ್ತಿದ್ದರು, ಮಲ್ಲಪ್ಪನ ಬೋರ್ಡಿಗೆ ಬಂದರೆ ಸತ್ತಂತೆ, ಬರದಿದ್ದರೆ ಇನ್ನೂ ಜೀವ ಇದ್ದಂತೆ. ಈಗ ಗೆರೆಯ ಕೆಳಗೆ ಖಾಲಿ. ಯಾರೂ ಕೇಳುವುದಿಲ್ಲ. ಗುಡ್ಡದ ಮೇಲೆ ಮೊಬೈಲಿನ ಕಂಬ ಎದ್ದಿದೆ, ಆ ಮೂಲೆಯಲ್ಲಿ ಪರೋಟದ ಅಂಗಡಿ, ಸಂಜೆಯಾದರೆ ಅದರ ಸಾರು, ಸಾಲ್ನಾ, ಅದರ ವಾಸನೆಗೆ ನನ್ನ ಗಿರಾಕಿಗಳೇ ಮೂಗು ಎತ್ತಿಕೊಂಡು ಹೋಗುತ್ತಾರೆ, ಎದುರಿಗೆ ಈ ಮೋಹನನ ಪಫ್ಸು, ಇವನ ಟಿ.ವಿ., ಎಲ್ಲೋ ದಿಲ್ಲಿಯಲ್ಲಿ ಯಾರೋ ಮಂತ್ರಿ ಆದದ್ದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಪಕ್ಕದ ಬೀದಿಯಲ್ಲಿ ಯಾರು ಸತ್ತರು ಗೊತ್ತಿಲ್ಲ — ಅದು ಟಿ.ವಿ.ಯಿಂದ ಆದದ್ದಲ್ಲ, ಅಕ್ಕನಿಂದ ಆದದ್ದು, ಬೋರ್ಡಿನ ಮಾನ ಕಳೆದವಳು ಅವಳೇ, ಮೊನ್ನೆ ಕಾರ್ತಿಕ ಮುಗಿದ ಮೇಲೆ, ಹೊಸ ಅವರೆ ಸಂತೆಗೆ ಬಂದಿದ್ದ ದಿನ.

ಅವತ್ತೂ ಇದೇ ಬಸ್ಸು, ಇದೇ ನಟರಾಜು. ಅವತ್ತು ಯಾರೂ ನಗಲಿಲ್ಲ. ನಾನು ಒಲೆಗೆ ಒಂದು ಕೊಡ ನೀರು ಸುರಿದೆ, ಹೊಗೆ ಅಂಗಡಿ ತುಂಬಿತು, ಹೊಗೆಯಲ್ಲೇ ನಿಂತು ಬೋರ್ಡಿನ ಮೇಲೆ ನನ್ನ ಕೈಯಾರೆ ಬರೆದೆ, ಗುಮಟಾಪುರದ ಪುಟ್ಟಮಲ್ಲಮ್ಮನವರು ತೀರಿಕೊಂಡರು. ಸೀರೆ ತೆಗೆದುಕೊಂಡೆ, ಹಸಿರು ಸೀರೆ, ಹೂವಿನ ಹಾರ, ಬಸ್ಸು ಹತ್ತಿದೆ, ಕಿಟಕಿಗೆ ಮುಖ ಆನಿಸಿಕೊಂಡು ಅತ್ತೆ, ಎಳೆಗೂಸಿನ ಹಾಗೆ ಅತ್ತೆ, ನಟರಾಜು ಟಿಕೆಟ್ ಕೇಳದೆ ಮುಂದಕ್ಕೆ ಹೋದ. ಅವ್ವ ಸತ್ತಾಗ ನನ್ನನ್ನು ಸೊಂಟದ ಮೇಲೆ ಹೊತ್ತವಳು, ರಾಗಿ ಕಲ್ಲಿನ ಮುಂದೆ ಕೂತು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬೀಸುತ್ತಿದ್ದವಳು, ಕೂದಲೆಲ್ಲ ಹಿಟ್ಟು. ಇಳಿದವನು ಬೀದಿ ನಲ್ಲಿಯ ತೊಂಬೆ ನೀರಿನಲ್ಲಿ ಮುಖ ತೊಳೆದೆ, ಗಂಡಸು ಅತ್ತ ಮುಖ ಹೊತ್ತು ಊರೊಳಗೆ ಹೋಗಬಾರದು, ಬೀದಿ ತಿರುಗಿದೆ — ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಮುಂದೆ ನೆನೆಸಿದ ಅವರೆಕಾಳಿನ ಬೋಸಿ, ಹಿದುಕುತ್ತಿದ್ದಾಳೆ, ಹೆಬ್ಬೆರಳು ಒತ್ತುತ್ತದೆ, ಕಾಳು ಚಂಗನೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ, ಒಂದು ಕಾಳು ಬಂದು ನನ್ನ ಕಾಲಿನ ಹತ್ತಿರ ಬಿತ್ತು. ಎಲೆ ಅಡಿಕೆಯ ಕೆಂಪು ಬಾಯಿ ಅಗಲಿಸಿ ನಕ್ಕಳು. ಬಂದ್ಯಾ ತಮ್ಮಯ್ಯ, ಬಾ ಕೂತ್ಕ, ತಲೆ ಮ್ಯಾಲೆ ಕಾಗೆ ಒಡೆದ್ಬುಟ್ಟು ಓಯ್ತು ಕಣೋ, ನೀರ್ ತರ್ವಾಗ, ಸತ್ತೋದ್ಳು ಅಂತ ತವರಿಗೆ ಸುದ್ದಿ ಕಳ್ಸಿ ಅಳುಸ್ದಿದ್ರೆ ಆ ದೋಸ ಓಗಲ್ಲ ಅಂದ್ರು. ನನಗೂ ಗೊತ್ತಿಲ್ಲದ್ದೇನಲ್ಲ, ನಮ್ಮ ಕಡೆ ಹಿಂದಿನಿಂದ ನಡೆದು ಬಂದದ್ದು, ಕಾಗೆ ತಲೆ ಮುಟ್ಟಿದರೆ ಸಾವು ಹಿಂದೆಯೇ ಬರುತ್ತದೆ, ಹತ್ತಿರದವರು ಯಾರಾದರೂ ಸುಳ್ಳು ಎಂದು ತಿಳಿಯದೆ ನಿಜವಾಗಿ ಅತ್ತರೆ ಆ ಕಣ್ಣೀರಿಗೆ ಅದು ಹಿಂದಕ್ಕೆ ಹೋಗುತ್ತದೆ, ಮೊದಲೇ ಹೇಳಿಬಿಟ್ಟರೆ ಫಲ ಇಲ್ಲ. ನಿಂಗೇ ಯಾಕ್ ಕಳ್ಸ್ದೆ ಗೊತ್ತಾ, ನಿಮ್ಮಣ್ಣ ದೊಡ್ಡೋನ್‌ಗೆ ಕಳ್ಸಿದ್ರೆ ಬಸ್ಸು ಸಿಕ್ನಿಲ್ಲ ಅಂತಿದ್ದ, ನೀನಾದ್ರೆ ಅಳ್ತೀಯ ಕಣಪ್ಪ. ಸೀರೆ ತಂದಿದ್ದೀಯಲ್ಲ, ತತ್ತ, ಸಂಕ್ರಾಂತಿಗೆ ಉಟ್ಕತೀನಿ. ಬೀದಿಯವರೆಲ್ಲ ನಗುತ್ತಿದ್ದಾರೆ, ಹಾರ ನನ್ನ ಕೈಯಲ್ಲಿ, ನನ್ನ ತಲೆಗೆ ಹತ್ತಿತು, ಸೀರೆ ಕಿತ್ತುಕೊಂಡೆ, ಅಂದೆ — ನಾನೇನ್ ಅಳ್ನಿಲ್ಲ ಓಗು, ಒಂದ್ ತೊಟ್ಟೂ ಅಳ್ನಿಲ್ಲ, ನೀನ್ ಸತ್ರೆ ನಂಗೇನು. ಅವಳ ಕೈ ನಿಂತುಹೋಯಿತು. ಹೆಬ್ಬೆರಳು ಮತ್ತು ಬೆರಳಿನ ನಡುವೆ ಕಾಳು ಹಾಗೇ. ಅಳ್ನಿಲ್ವಾ ನೀನು, ಅಂದಳು, ಮೆಲ್ಲಗೆ, ಒಂದೇ ಒಂದು ಸಲ.

ಇಲ್ಲ, ಇದೂ ಅದೇ. ಅವತ್ತಿನದು ಫಲಿಸಲಿಲ್ಲ ಅಂತ ಮತ್ತೆ ಮಾಡಿಸುತ್ತಿದ್ದಾಳೆ, ಈ ಸಲವಾದರೂ ಇವನು ಅಳಲಿ ಅಂತ, ಅಷ್ಟೇ, ಹೆಂಗಸರ ಬುದ್ಧಿ, ಅಳುತ್ತೇನೆ ಇರು, ಬಂದು ನಿನ್ನ ಬೋಸಿಯನ್ನು ಬೀದಿಗೆ ಎಸೆಯುತ್ತೇನೆ. ನನ್ನ ಹೆಂಡತಿ ವಿಶಾಲಾಕ್ಷಮ್ಮ ಒಳಗಿನಿಂದ ಬಂದು ನಿಂತಿದ್ದಾಳೆ, ರುಬ್ಬಿದ ಕೈಯಿಂದ ಹಿಟ್ಟು ತೊಟ್ಟಿಕ್ಕುತ್ತಿದೆ, ಓಗಿ ಅನ್ನುತ್ತಾಳೆ, ಸುಳ್ಳಾದ್ರೆ ಬೈದ್ಬುಟ್ಟು ಬನ್ನಿ, ನಿಜ ಆದ್ರೆ. ನಿಜ ಆದ್ರೆ ಏನೇ, ಬಾಯಿ ಮುಚ್ಚು. ಯಾರೋ ಒಬ್ಬ ಬಂದು ಬೋರ್ಡಿನ ಮುಂದೆ ನಿಂತು ಖಾಲಿ ನೋಡಿ ಹೋದ, ಇನ್ನೊಬ್ಬ ಬಂದ, ಅವನೂ ನೋಡಿ ಹೋದ, ಅಂದರೆ ಇವರು ಇನ್ನೂ ನನ್ನ ಬೋರ್ಡನ್ನೇ ನೋಡುತ್ತಾರೆ, ನಾನು ಬರೆದರೆ ಹೊರಡುತ್ತಾರೆ, ಬರೆಯದಿದ್ದರೆ ಅವಳ ಮಣ್ಣಿಗೆ ಇಲ್ಲಿಂದ ಒಬ್ಬನೂ ಹೋಗುವುದಿಲ್ಲ, ಅವಳ ಮಣ್ಣಿಗೆ ಅಂದೆನೇ, ಥೂ. ಸೀಮೆಸುಣ್ಣದ ಕಡ್ಡಿ ಕೈಗೆ ಬಂದಿದೆ, ಯಾವಾಗ ತೆಗೆದುಕೊಂಡೆ, ಅವಳ ಹೆಸರಿನ ಪು ಬರೆಯಬೇಕು, ಬರೆಯುವುದಿಲ್ಲ, ನಾನು ಬರೆಯದಿದ್ದರೆ ಅವಳು ಸತ್ತಿಲ್ಲ.

ಬೇಕರಿಯ ಟಿ.ವಿ. ನಿಂತುಹೋಗಿದೆ. ಕರೆಂಟು ಹೋಗಿಲ್ಲ, ಅವನ ಗಾಜಿನ ಪೆಟ್ಟಿಗೆಯೊಳಗೆ ದೀಪ ಉರಿಯುತ್ತಿದೆ. ಮೋಹನ್ ರಸ್ತೆ ದಾಟಿ ಬರುತ್ತಿದ್ದಾನೆ, ಅಂಗಡಿ ಹಾಕಿದ ದಿನದಿಂದ ಈ ಕಡೆ ಕಾಲಿಟ್ಟವನಲ್ಲ, ನಗುತ್ತಾನೆ ಅಂತ ಮುಖ ನೋಡಿದರೆ ನಗುತ್ತಿಲ್ಲ, ಅಣ್ಣ, ನನ್ನ ಕಾಯಿನ್ ಫೋನ್‌ಗೆ ನಿಮ್ಮ ಅಳಿಯ ಪ್ರಸಾದ್ ಮಾಡವ್ನೆ, ಬಂದು ಮಾತಾಡಿ, ಟಿ.ವಿ. ನಿಲ್ಸಿದ್ದೀನಿ. ಹೋದೆ. ನಿಂತವರೆಲ್ಲ ದಾರಿ ಬಿಟ್ಟರು, ಕಾಗೆ ಅಂದವನು ನೆಲ ನೋಡುತ್ತಿದ್ದ. ಮಾವ, ಎಲ್ಲಿದ್ದೀಯ ಮಾವ, ನಿನ್ನ ಸೀರೆ ಒದುಸ್ದೆ ಅವ್ವನ್ನ ಎತ್ತಕ್ಕಾಗಲ್ಲ, ಬಿಸ್ಲು ಏರ್ತಾ ಅದೆ. ಅವತ್ತು ನಟರಾಜುವಿನ ಕೈಲಿ ಸುಳ್ಳು ಸುದ್ದಿ ಹೇಳಿ ಕಳಿಸಿದವನು ಇವನೇ ಅಲ್ಲವೇ, ಅಕ್ಕನ ಮಗ, ಅಮ್ಮ ಹೇಳಿಕೊಟ್ಟಂತೆ ಆಡುತ್ತಾನೆ, ಅವ್ಳ ಕೈಗೆ ಕೊಡೋ ಫೋನ, ಅವ್ಳ ಕೈಗೇ ಕೊಡು, ಅಂತ ನಾನು ಕಿರುಚಿದೆ. ಅವನು ಫೋನು ಇಟ್ಟುಬಿಟ್ಟ. ಆಮೇಲೆ ಟೊಯ್ಯ್ ಅಂತ.

ಅದೇ ಸೀರೆ, ಅಟ್ಟದ ಮೇಲೆ ಅಂಗಡಿಯ ಕಾಗದ ಸಮೇತ ಬಿದ್ದಿತ್ತು, ಬಗಲಲ್ಲಿದೆ, ವಿಶಾಲಾಕ್ಷಮ್ಮ ನಾನು ಹೊರಡುವ ಮೊದಲೇ ಒಲೆಗೆ ನೀರು ಸುರಿದಳು, ನಾನು ಬೇಡ ಅನ್ನಲಿಲ್ಲ, ಬೋರ್ಡಿನ ಮೇಲೆ ಮಾತ್ರ ಕೈ ಹಾಕಬೇಡ, ನಾನು ಬಂದು ಹೇಳುವವರೆಗೆ ಬರೆಯಬೇಡ ಅಂದೆ. ತಿರುಗಿ ಬಂದ ಬಸ್ಸಿನಲ್ಲಿ ಅದೇ ಕಿಟಕಿ, ಕಣ್ಣು ಒಣಗಿ ಹಂಚಿನ ಹಾಗೆ ಕಾದಿದೆ, ಬೇಕಾದಾಗ ಬರುವುದಿಲ್ಲ ಇದು, ನಟರಾಜು ಈ ಸಲವೂ ಟಿಕೆಟ್ ಕೇಳಲಿಲ್ಲ, ಲೋ ನಟರಾಜು, ನಾನ್ ಅವತ್ತು ಅತ್ತಿದ್ದು ನೀನ್ ನೋಡಿದ್ದೆ ಅಲ್ವಾ, ಅಕ್ಕಂಗೆ ನೀನಾದ್ರೂ ಏಳ್ಬೋದಿತ್ತಲ್ಲ, ಮಲ್ಲಪ್ಪಣ್ಣ ಬಸ್ಸ್ ತುಂಬ ಅತ್ತ ಅಂತ. ಅವನು ಕಂಬಿ ಹಿಡಿದುಕೊಂಡು ಮುಂದಕ್ಕೆ ಹೋದ. ಅವನನ್ನೇನು ಕೇಳುವುದು, ಅಂಗಡಿಯಲ್ಲಿ ಕೂರಿಸಿಕೊಂಡು ಊರಿನವರ ಸುದ್ದಿಯನ್ನೆಲ್ಲ ಹೇಳಿದವನು ನಾನು, ಯಾವ ಊರಿನಲ್ಲಿ ಯಾರು ಅಂತ ಹೇಳಿದವನು, ಇದೊಂದನ್ನು ಅವಳಿಗೆ ಹೇಳಲಿಲ್ಲ, ನಾಲಿಗೆ ಏಳಲಿಲ್ಲ, ನಾಳೆ ಹೋಗಿ ಹೇಳೋಣ, ಹಬ್ಬಕ್ಕೆ ಸೀರೆ ಕೊಟ್ಟು ಹೇಳೋಣ ಅಂತ. ತಮಟೆ ಕೇಳುತ್ತಿಲ್ಲ. ಇಳಿದೆ, ನಿಂತೆ, ತಮಟೆ ಇಲ್ಲ, ಇಲ್ಲದಿದ್ದರೆ ಸುಳ್ಳು, ಸುಳ್ಳೇ ಇರಬೇಕು, ಬೀದಿ ತಿರುಗಿದರೆ ಕಾಲು ಚಾಚಿ ಕೂತಿರುತ್ತಾಳೆ, ನಗಲಿ, ಊರೆಲ್ಲ ನಗಲಿ, ಬೇಕರಿಯವರೂ ಬಂದು ನಗಲಿ, ಮೈಮೇಲೆ ಹಾರ ಹಾಕಿಕೊಂಡು ಮೆರವಣಿಗೆ ಹೋಗುತ್ತೇನೆ, ತಗೋ ಸೀರೆ, ಉಟ್ಟುಕೋ, ಮುಖ ತೊಳೆಯುವುದಿಲ್ಲ ನಾನು, ತೊಂಬೆ ಹಾಗೇ ಸುರಿಯುತ್ತಿದೆ, ಸುರಿಯಲಿ. ತಿರುಗಿದೆ. ಜನ. ಯಾರೂ ನಗುತ್ತಿಲ್ಲ, ಎಲ್ಲರೂ ನನ್ನ ಬಗಲನ್ನೇ ನೋಡುತ್ತಿದ್ದಾರೆ, ಬಂದ ಬಂದ ತವರಿನೋನು, ಈಗ ತಮಟೆ ಬಡಿರ್ಲಾ ಅಂತ ಯಾರೋ ಅಂದರು, ಆಗ ಶುರುವಾಯಿತು, ನನಗಾಗಿಯೇ ಕಾದಿತ್ತು ಅದು. ಜಗಲಿಯ ಮೇಲೆ ಬೋಸಿ ಇದೆ. ರಾತ್ರಿ ನೆನೆಸಿದ್ದಾಳೆ, ಅವರೆ ನೀರು ಕುಡಿದು ಉಬ್ಬಿದೆ, ಯಾರೂ ಮುಟ್ಟಿಲ್ಲ. ಅತ್ತಿದ್ದೆ ಕಣಕ್ಕ, ಮಾವ ಸೀರೆ ಕೊಡು ಅನ್ನುತ್ತಾನೆ ಪ್ರಸಾದ್, ಬಸ್ಸು ತುಂಬ ಅತ್ತಿದ್ದೆ ಕಣಕ್ಕ, ಮಾವ ಒಳಿಕ್ಕೆ ಬಾ, ನಾನು ಜಗಲಿಯ ಮೇಲೆ ಕೂತಿದ್ದೇನೆ, ಬೋಸಿಗೆ ಕೈ ಹಾಕಿದ್ದೇನೆ, ನೀರು ತಣ್ಣಗೆ, ಹೆಬ್ಬೆರಳು ಒತ್ತುತ್ತದೆ, ಕಾಳು ಚಂಗನೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ಹೆಬ್ಬೆರಳು ಒತ್ತುತ್ತದೆ, ಕಾಳು ಹಾರುತ್ತದೆ, ಸಿಪ್ಪೆ ಬೆರಳಲ್ಲೇ, ಹೆಬ್ಬೆರಳು